ನಮ್ಮ ಜಿಲ್ಲೆಯ ಚಿತ್ರಕಾರ ಲಕ್ಷ್ಮಾ ಗೌಡ್

1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಒಡೆದು ಹಂಚಿಕೆಯಾದಾಗ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು, ಒಂದಿಷ್ಟು ಹಳ್ಳಿ ಬಿಟ್ಟು, ಮೆದಕ್ ಜಿಲ್ಲೆಗೆ ಸೇರಿದವು. ಕಲಬುರಗಿಯ ತಾಂಡೂರು, ಕೊಡಂಗಲ್ ಸಹ ಆಂಧ್ರದ ಪಾಲಾದವು. ಇದು ನಮ್ಮ ಹಿರಿಯರಿಗೆಲ್ಲ ಗೊತ್ತಿದ್ದ ಮಾತು, ಇವತ್ತಿಗೂ ಕಟ್ಟೆಯ ಮೇಲೆ ಕೂತಾಗ ಬರುವ ಮಾತು. ಅದೇ ಮೆದಕ್ ಜಿಲ್ಲೆಯ ನಿಜಾಂಪುರದಲ್ಲಿ 1940ರಲ್ಲಿ ಹುಟ್ಟಿದ ಒಬ್ಬ ಹುಡುಗನಿಗೆ ಆಗ ಹದಿನಾರು ವರ್ಷ. ಹಂಗಾಗಿ ಕೆ. ಲಕ್ಷ್ಮಾ ಗೌಡ್ ಮತ್ತು ನಾವು ಒಂದೇ ಜಿಲ್ಲೆಯವರಾದದ್ದು ಸರಕಾರದ ಒಂದು ಕಾಗದದಿಂದ. 2016ರಲ್ಲಿ ಮತ್ತೆ ಜಿಲ್ಲೆ ಒಡೆದು ನಮ್ಮದು ಸಂಗಾರೆಡ್ಡಿಯಾಯಿತು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂತು. ಪೇಪರಿನಲ್ಲಿ ಫೋಟೋ ನೋಡಿ "ಇವರು ನಮ್ಮ ಕಡೆಯವರೇನು?" ಅಂತ ಕೇಳಿದವರು ಬಹಳ, ಚಿತ್ರ ನೋಡಿದವರು ಕಡಿಮೆ.

ಈ ಬರಹಕ್ಕೆ ಕಾರಣ ನಮ್ಮ ವಾಚನಾಲಯಕ್ಕೆ ಬಂದ ಒಂದು ಕ್ಯಾಟಲಾಗು. ಹೈದರಾಬಾದಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗನೊಬ್ಬ ಹಳೆಯ ಪುಸ್ತಕದ ಅಂಗಡಿಯಿಂದ ತಂದುಕೊಟ್ಟದ್ದು. ಇಂಗ್ಲಿಷಿನಲ್ಲಿದೆ, ಆದರೆ ಚಿತ್ರ ನೋಡಲಿಕ್ಕೆ ಯಾವ ಭಾಷೆ ಬೇಕು? ಅದನ್ನು ಮೇಜಿನ ಮೇಲೆ ಇಟ್ಟ ಎರಡನೇ ದಿನವೇ ತಕರಾರು ಬಂತು. ಮೊದಲ ಅರ್ಧದಲ್ಲಿ ಬತ್ತಲೆ ಚಿತ್ರಗಳಿವೆ, ಅದೂ ಸುಮ್ಮನೆ ಬತ್ತಲೆ ಅಲ್ಲ. ಊರಿನ ಹಿರಿಯರೊಬ್ಬರು ನನ್ನನ್ನು ಕರೆದು, "ಮಾಸ್ತರ, ಇದು ಮ್ಯಾಲ ಇಡಬ್ಯಾಡ್ರಿ, ಪೋರಿಗೋಳು ಬರತಾವ" ಅಂದರು. ಅವರ ಮಾತಿಗೆ ನಾನು ಆಮೇಲೆ ಬರುತ್ತೇನೆ. ಮೊದಲು ಆ ಚಿತ್ರಗಳು ಯಾವ ಜಾತಿಯವು, ಹೆಂಗ ಹುಟ್ಟಿದವು ಅನ್ನುವುದನ್ನು ನೋಡಬೇಕು. ಇಡಬೇಕೋ ತೆಗೆಯಬೇಕೋ ಅನ್ನುವುದು ಅದು ತಿಳಿದ ಮೇಲಿನ ಪ್ರಶ್ನೆ.

ಇವರ ಮೊದಲಿನ ಕೆಲಸವನ್ನು ಬರೆದವರೆಲ್ಲ ಒಂದು ಮಾತು ಬಳಸುತ್ತಾರೆ: ಸರ್ರಿಯಲಿಸಂ. ಕನ್ನಡದಲ್ಲಿ ಅತಿವಾಸ್ತವವಾದ ಅಂತ ಬರೆಯುತ್ತಾರೆ. ಅದು ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು. 1924ರಲ್ಲಿ ಆಂದ್ರೆ ಬ್ರೆಟನ್ ಅನ್ನುವ ಕವಿ ಅದರ ಘೋಷಣಾಪತ್ರ ಬರೆದ. ಮೊದಲ ಮಹಾಯುದ್ಧ ನೋಡಿ ಬಂದ ಹುಡುಗರು ಅವರು. ಬುದ್ಧಿ, ಲೆಕ್ಕಾಚಾರ, ಶಿಸ್ತು ಅಂತ ಹೇಳಿಕೊಂಡು ದೊಡ್ಡವರು ಲಕ್ಷಾಂತರ ಜನರನ್ನು ಕೊಂದದ್ದನ್ನು ಕಂಡಿದ್ದರು. ಹಂಗಾಗಿ ಬುದ್ಧಿಯ ಕಾವಲು ಇಲ್ಲದ ಜಾಗದಿಂದ, ಅಂದ್ರ ಕನಸಿನಿಂದ, ಚಿತ್ರ ಮತ್ತು ಮಾತು ತರಬೇಕು ಅಂದರು. 1931ರಲ್ಲಿ ಸಾಲ್ವಡಾರ್ ಡಾಲಿ ಬಿಸಿಲಿಗೆ ಕರಗಿದ ಬೆಲ್ಲದ ಹಂಗ ಜೋತುಬಿದ್ದ ಗಡಿಯಾರಗಳನ್ನು ಬರೆದ. ಅದು ನಮ್ಮ ಹತ್ತನೇ ಕ್ಲಾಸಿನ ಹುಡುಗರೂ ಫೋನಿನಲ್ಲಿ ನೋಡಿರುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಮ್ಯಾಕ್ಸ್ ಅರ್ನ್ಸ್ಟ್ ಅನ್ನುವವನ ಪದ್ಧತಿ. 1925ರಲ್ಲಿ ಅವನು ಹಲಗೆಯ ನೆಲದ ಮೇಲೆ ಕಾಗದ ಹಾಕಿ ಪೆನ್ಸಿಲಿನಿಂದ ಉಜ್ಜಿದ. ಹಲಗೆಯ ಗೆರೆಗಳು ಮೇಲೆ ಎದ್ದು ಬಂದವು. ಅದರಲ್ಲಿ ಅವನಿಗೆ ಕಾಡು, ಹಕ್ಕಿ, ರಾಕ್ಷಸ ಕಂಡವು. ರೂಪಾಯಿ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜದ ಮಗು ನಮ್ಮ ಶಾಲೆಗಳಲ್ಲಿ ಒಂದೂ ಇಲ್ಲ. ವ್ಯತ್ಯಾಸ ಇಷ್ಟೇ: ಮಗುವಿಗೆ ಸಿಂಹದ ತಲೆ ಬಂದರೆ ಸಾಕು, ಅರ್ನ್ಸ್ಟ್‌ಗೆ ಅಲ್ಲಿಂದ ಕೆಲಸ ಸುರು.

ಕನಸಿನ ಚಿತ್ರ ನಮಗೆ ಹೊಸದಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಬಸವಕಲ್ಯಾಣ ನಮಗೆ ಹತ್ತಿರ. ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ಶ್ರಾವಣದಲ್ಲಿ ಕೇಳಿದವರಿಗೆ ಒಂದಕ್ಕೊಂದು ಕೂಡದ ವಸ್ತುಗಳು ಕೂಡುವುದು, ಚಿಕ್ಕದರೊಳಗೆ ದೊಡ್ಡದು ಹೊಗುವುದು ಗೊತ್ತಿದೆ. ಆದರೆ ಬೆಡಗಿಗೆ ಒಂದು ಕೀಲಿ ಇರುತ್ತದೆ. ಸ್ವಾಮಿಗಳು ಕೂತು ಬಿಡಿಸಿ ಹೇಳುತ್ತಾರೆ: ಇದು ಮನಸ್ಸು, ಇದು ಮಾಯೆ, ಇದು ಪ್ರಾಣ. ಪ್ಯಾರಿಸ್ಸಿನವರು ಆ ಕೀಲಿಯನ್ನೇ ಬಾವಿಗೆ ಒಗೆದರು. ಚಿತ್ರ ಕಂಡದ್ದೇ ಅರ್ಥ, ಅದಕ್ಕೆ ಬೇರೆ ಬಿಡಿಸುವಿಕೆ ಇಲ್ಲ ಅಂದರು. ಲಕ್ಷ್ಮಾ ಗೌಡ್ ಎಲ್ಲಿ ನಿಲ್ಲುತ್ತಾರೆ? ನನ್ನ ಲೆಕ್ಕದಲ್ಲಿ ಎರಡೂ ಕಡೆ ಅಲ್ಲ. ಅವರ ಚಿತ್ರದಲ್ಲಿ ಕೀಲಿಯೂ ಇಲ್ಲ, ಕನಸೂ ಇಲ್ಲ. ಊರು ಇದೆ. ಅದು ಊರನ್ನು ಕತ್ತಲಾದ ಮೇಲೆ ಕಂದೀಲಿನಲ್ಲಿ ನೋಡಿದ ಹಂಗ ಇದೆ. ಕಂದೀಲು ಹಿಡಿದು ಹೊಲಕ್ಕೆ ಹೋದವರಿಗೆ ಗೊತ್ತು, ಹಗಲು ನೋಡಿದ ಜಾಲಿಗಿಡ ರಾತ್ರಿ ಕೈ ಎತ್ತಿ ನಿಂತಿರುತ್ತದೆ.

ಮೊದಲ ಕಾಲದ ಚಿತ್ರ ಅಂದ್ರ 1960ರ ದಶಕದ ಕೊನೆಯಿಂದ 70ರ ದಶಕದ್ದು. ಹೈದರಾಬಾದಿನ ಸರಕಾರಿ ಕಲಾ ಕಾಲೇಜಿನಲ್ಲಿ 1963ರಲ್ಲಿ ಡಿಪ್ಲೊಮಾ ಮುಗಿಸಿ, ಅವರು ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಭಿತ್ತಿಚಿತ್ರ ಮತ್ತು ಅಚ್ಚಿನ ಚಿತ್ರ ಕಲಿತರು. ಗುರು ಕೆ. ಜಿ. ಸುಬ್ರಮಣ್ಯನ್, ಶಾಂತಿನಿಕೇತನದಲ್ಲಿ ಕಲಿತು ಬಂದವರು, ಹಳ್ಳಿಯ ಗೊಂಬೆ, ಮಣ್ಣಿನ ಪಾತ್ರೆ, ಗಾಜಿನ ಚಿತ್ರ ಇವನ್ನೆಲ್ಲ ಕೀಳು ಅಂತ ನೋಡದವರು. ಬರೋಡಾದಿಂದ ತಿರುಗಿ ಬಂದ ಮೇಲೆ ಊರು ಬೇರೆ ಕಂಡಿತು. ಊರೊಳಗೇ ಇದ್ದವನಿಗೆ ಊರು ಕಾಣುವುದಿಲ್ಲ, ಬಾಂಬೇಕ್ಕೆ ದುಡಿಯಲಿಕ್ಕೆ ಹೋಗಿ ಬಂದ ನಮ್ಮ ಹುಡುಗರನ್ನು ಕೇಳಿರಿ, ಅವರೂ ಅದನ್ನೇ ಹೇಳುತ್ತಾರೆ.

ಏನು ಕಾಣುತ್ತದೆ ಆ ಚಿತ್ರಗಳಲ್ಲಿ? ಬಂಡೆ. ಗುಡಿಸಲು. ಬೇರು ಹೊರಗೆ ಚಾಚಿದ ಮರ. ಆಡು, ಎಲ್ಲಾ ಕಡೆ ಆಡು, ಹೋತ, ಮರಿ. ತಲೆಗೆ ರುಮಾಲು ಸುತ್ತಿದ ಗಂಡಸು, ಮೈಮೇಲೆ ಬೇರೇನೂ ಇಲ್ಲ. ಹೆಣ್ಣಿನ ತೊಡೆ ಎಲ್ಲಿ ಮುಗಿಯಿತು, ಮರದ ಬೊಡ್ಡೆ ಎಲ್ಲಿ ಸುರುವಾಯಿತು ಹೇಳಲಿಕ್ಕೆ ಬರುವುದಿಲ್ಲ. ಗಿಡದ ಕಾಯಿ ಗಿಡದ ಕಾಯಿಯೇ ಹೌದು, ಗಂಡಸಿನ ಅಂಗವೂ ಹೌದು. ಆಡಿನ ಕಣ್ಣು ಮನುಷ್ಯರ ಕಣ್ಣಿಗಿಂತ ಜಾಣ. ಒಂದು ಚಿತ್ರವನ್ನು ಐದು ನಿಮಿಷ ನೋಡಿದರೆ ಅದರಲ್ಲಿ ಸತ್ತ ವಸ್ತು ಒಂದೂ ಇಲ್ಲ ಅನಿಸುತ್ತದೆ. ಕಲ್ಲಿಗೂ ಉಸಿರು ಇದೆ. ಎಲ್ಲದಕ್ಕೂ ಎಲ್ಲದರ ಮೇಲೆ ಆಸೆ ಇದೆ. ಕೆಲವು ಚಿತ್ರಗಳಲ್ಲಿ ಆ ಆಸೆ ಹೆದರಿಕೆ ಹುಟ್ಟಿಸುತ್ತದೆ. ಇದನ್ನು ನಾನು ಮುಚ್ಚಿಡುವುದಿಲ್ಲ.

ನಗರದ ವಿಮರ್ಶಕರು ಇದನ್ನು ಕಲ್ಪನೆ, ಭ್ರಮೆ, ಫ್ಯಾಂಟಸಿ ಅಂತ ಬರೆಯುತ್ತಾರೆ. ಅವರ ಮಾತನ್ನು ತೆಗೆದುಹಾಕುವುದಿಲ್ಲ, ಆದರೆ ನಮ್ಮ ಕಡೆಯಿಂದ ಒಂದು ಮಾತು ಸೇರಿಸಬೇಕು. ಮೊಹರಮ್ಮಿನಲ್ಲಿ ಪಟ್ಟೆ ಬಳಿದುಕೊಂಡು ಹುಲಿಯಾಗುವ ನಮ್ಮ ಗೌಂಡಿ, ವೀರಭದ್ರನ ಪುರವಂತಿಕೆಯಲ್ಲಿ ಗಲ್ಲಕ್ಕೆ ಶಸ್ತ್ರ ಚುಚ್ಚಿಕೊಂಡು ಒಡಪು ಹೇಳುವ ಕಿರಾಣಿ ಅಂಗಡಿಯವ, ಮೈಮೇಲೆ ದೇವಿ ಬಂದಾಗ ಗಂಡನನ್ನೇ ಹೆಸರು ಹಿಡಿದು ಕರೆಯುವ ಹೆಣ್ಣುಮಗಳು, ಇವರು ಯಾರೂ ಕನಸು ಕಾಣುತ್ತಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಗೌಂಡಿ ಕೆಲಸಕ್ಕೆ ಹೋಗುತ್ತಾನೆ. ಮನುಷ್ಯ ಒಂದು ರಾತ್ರಿ ಹುಲಿಯಾಗುವುದು ನಮ್ಮ ಊರಿನ ವರ್ಷದ ಲೆಕ್ಕದಲ್ಲಿ ಇರುವ ಸಂಗತಿ. ಪ್ಯಾರಿಸ್ಸಿನವರು ಶ್ರಮಪಟ್ಟು ಹುಡುಕಿದ ಬಾಗಿಲು ನಿಜಾಂಪುರದಂಥ ಊರಿನಲ್ಲಿ ಅಗಸಿ ಬಾಗಿಲಿನಷ್ಟೇ ದೊಡ್ಡದು. ಲಕ್ಷ್ಮಾ ಗೌಡ್ ಅದನ್ನು ಕಂಡರು ಅನ್ನುವುದಕ್ಕಿಂತ, ಬರೋಡಾಕ್ಕೆ ಹೋಗಿ ಬಂದ ಮೇಲೂ ಅದನ್ನು ಮರೆಯಲಿಲ್ಲ ಅನ್ನುವುದು ದೊಡ್ಡದು ಅಂತ ನನಗೆ ಅನಿಸುತ್ತದೆ.

ಇನ್ನು ಮಾಡುವ ರೀತಿ. ಇಲ್ಲಿ ಸ್ವಲ್ಪ ನಿಧಾನ ಹೋಗೋಣ, ಯಾಕಂದ್ರ ಬೀದರ ನಮ್ಮ ಬಾಜೂಕ ಇದೆ.

ಎಚ್ಚಿಂಗ್ ಅನ್ನುವ ಪದ್ಧತಿಯಲ್ಲಿ ಚಿತ್ರಕಾರ ಕಾಗದದ ಮೇಲೆ ಬರೆಯುವುದಿಲ್ಲ. ಸತುವಿನ ಇಲ್ಲವೆ ತಾಮ್ರದ ತಗಡು ತೆಗೆದುಕೊಂಡು ಅದಕ್ಕೆ ಮೇಣ, ರಾಳ, ಡಾಂಬರಿನಂಥ ವಸ್ತು ಕೂಡಿಸಿದ ಕಪ್ಪು ಲೇಪ ಹಚ್ಚುತ್ತಾನೆ. ಒಣಗಿದ ಮೇಲೆ ಸೂಜಿಯಿಂದ ಅದರ ಮೇಲೆ ಗೀರುತ್ತಾನೆ. ಗೀರಿದಲ್ಲಿ ಲೇಪ ಹೋಗಿ ಲೋಹ ಹೊಳೆಯುತ್ತದೆ. ಆಮೇಲೆ ತಗಡನ್ನು ತೇಜಾಬಿನಲ್ಲಿ ಮುಳುಗಿಸುತ್ತಾರೆ. ಲೇಪ ಇದ್ದ ಕಡೆ ತೇಜಾಬು ಏನೂ ಮಾಡುವುದಿಲ್ಲ, ಗೀರು ಇದ್ದ ಕಡೆ ಲೋಹವನ್ನು ತಿನ್ನುತ್ತದೆ. ಸ್ವಲ್ಪ ಹೊತ್ತು ಇಟ್ಟರೆ ಗೆರೆ ತೆಳು, ಬಹಳ ಹೊತ್ತು ಇಟ್ಟರೆ ಆಳ, ಆಳವಾದಷ್ಟು ಕಪ್ಪು. ತೆಳುವೇ ಇರಬೇಕಾದ ಗೆರೆಗಳಿಗೆ ನಡುವೆ ತಗಡು ಹೊರತೆಗೆದು ವಾರ್ನಿಷ್ ಬಳಿದು ಮತ್ತೆ ಮುಳುಗಿಸಬೇಕು. ಕೊನೆಗೆ ಲೇಪ ತೊಳೆದು, ಗೆರೆಗಳೊಳಗೆ ಶಾಯಿ ತುಂಬಿ, ಮೇಲಿನದನ್ನು ಅರಿವೆಯಿಂದ ಒರಸಿ, ಒದ್ದೆ ಕಾಗದ ಮೇಲಿಟ್ಟು ಕಬ್ಬಿಣದ ರೋಲರಿನ ಕೆಳಗೆ ಕಬ್ಬಿನ ಗಾಣಕ್ಕೆ ಕೊಟ್ಟ ಹಂಗ ಕೊಡಬೇಕು. ಕಾಗದ ಎತ್ತಿದಾಗ ಚಿತ್ರ ತಿರುವುಮುರುವಾಗಿ ಬಂದಿರುತ್ತದೆ. ಎಡಕ್ಕೆ ಬರೆದ ಆಡು ಬಲಕ್ಕೆ ನಿಂತಿರುತ್ತದೆ.

ಬೀದರಿನ ಬಿದರಿ ಕಾರಖಾನೆ ನೋಡಿದವರಿಗೆ ಇದು ಅರ್ಧ ಗೊತ್ತಿರುವ ಕೆಲಸ. ಅಲ್ಲಿಯೂ ಲೋಹ ಸತುವೇ, ಸ್ವಲ್ಪ ತಾಮ್ರ ಕೂಡಿಸಿದ್ದು. ಎರಕ ಹೊಯ್ದು ನಯಮಾಡಿದ ಮೇಲೆ ಮೈಲುತುತ್ತದ ನೀರು ಹಚ್ಚಿ ಅದನ್ನು ಕಪ್ಪು ಮಾಡುತ್ತಾರೆ. ಕಪ್ಪಿನ ಮೇಲೆ ಚೂಪು ಉಳಿಯಿಂದ ಬಳ್ಳಿ ಗೀರಿದರೆ ಗೆರೆ ಬೆಳ್ಳಗೆ ಕಾಣುತ್ತದೆ. ಆ ಗೆರೆಯನ್ನು ಕಡೆದು ಬೆಳ್ಳಿಯ ತಂತಿ ಬಡಿದು ಕೂಡಿಸುತ್ತಾರೆ. ಕಡೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕಾಸಿದರೆ ಲೋಹ ಕಾಡಿಗೆಯಷ್ಟು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಬ್ಬರೂ ಕಪ್ಪಿನ ಮೇಲೆ ಬೆಳಕಿನ ಗೆರೆ ಎಳೆಯುವವರು. ಆದರೆ ಬಿದರಿಯವನ ಗೆರೆಗೆ ಬೆಳ್ಳಿ ಬೀಳುತ್ತದೆ, ಎಚ್ಚಿಂಗಿನವನ ಗೆರೆಗೆ ಮಸಿ. ಬಿದರಿಯವನಿಗೆ ಬಳ್ಳಿ ಎಲ್ಲಿ ತಿರುಗಬೇಕು ಅನ್ನುವುದು ಅಜ್ಜನ ಕಾಲದಿಂದ ಗೊತ್ತು, ತಪ್ಪಿದರೆ ಮಾಲು ಹೋಯಿತು. ಎಚ್ಚಿಂಗಿನವನ ಜೊತೆಗೆ ತೇಜಾಬೂ ಒಬ್ಬ ಕೆಲಸಗಾರ. ಅದು ಲೇಪದ ಕೆಳಗೆ ನುಸುಳಿ ಒಂದು ಚುಕ್ಕೆ ತಿಂದರೆ ಅಲ್ಲೊಂದು ನೊಣ ಕೂತಂತೆ ಆಗುತ್ತದೆ. ಅದನ್ನು ಅಳಿಸಬೇಕೋ, ನೊಣವನ್ನೇ ಬರೆಯಬೇಕೋ? ಅರ್ನ್ಸ್ಟನ ಹಲಗೆ ನೆಲದಲ್ಲಿ ಆದದ್ದು ಇಲ್ಲಿ ತಗಡಿನ ಮೇಲೆ ಆಗುತ್ತದೆ.

ಲಕ್ಷ್ಮಾ ಗೌಡ್ ಅವರ ಬೂದುಬಣ್ಣ ಇನ್ನೊಂದು ಹಂತದಿಂದ ಬರುತ್ತದೆ, ಅದಕ್ಕೆ ಅಕ್ವಾಟಿಂಟ್ ಅನ್ನುತ್ತಾರೆ. ತಗಡಿನ ಮೇಲೆ ರಾಳದ ಪುಡಿ ಉದುರಿಸಿ ಕೆಳಗಿನಿಂದ ಕಾಸುತ್ತಾರೆ. ಪುಡಿ ಕಣಕಣವಾಗಿ ಅಂಟುತ್ತದೆ. ತೇಜಾಬು ಕಣಗಳ ನಡುವಿನ ಸಂದಿಯನ್ನು ಮಾತ್ರ ತಿನ್ನುತ್ತದೆ. ಅಚ್ಚು ಹಾಕಿದಾಗ ಆ ಜಾಗ ಗೆರೆಯಾಗಿ ಬಾರದೆ ಸಣ್ಣ ಮಳೆಯ ಹಂಗ, ಬೆಳಗಿನ ಮಂಜಿನ ಹಂಗ ಬೂದಿಯಾಗಿ ಬರುತ್ತದೆ. ಅವರ ಮೊದಲಿನ ಚಿತ್ರಗಳಲ್ಲಿ ಗಂಡು, ಹೆಣ್ಣು, ಮರ, ಆಡು ಎಲ್ಲ ಒಂದೇ ಬೂದಿಯಲ್ಲಿ ಮಿಂದಿರುತ್ತವೆ. ಅದರಿಂದಲೇ ಒಂದು ಇನ್ನೊಂದಾಗುವುದು ಸುಲಭ. ಬಣ್ಣ ಇದ್ದಿದ್ದರೆ ಮೈ ಮೈಯ ಬಣ್ಣಕ್ಕೆ, ಎಲೆ ಎಲೆಯ ಬಣ್ಣಕ್ಕೆ ಬೇರೆಬೇರೆ ಕೂತುಬಿಡುತ್ತಿದ್ದವು. ಪೆನ್ಸಿಲಿನಲ್ಲಿ ಬರೆದ ಚಿತ್ರಗಳಲ್ಲಿಯೂ ಅವರು ಇದೇ ಬೂದಿಯನ್ನು ಸಾವಿರ ಗೆರೆ ಎಳೆದು ತರುತ್ತಾರೆ. ಚಿತ್ರದ ಭಾವ ಪದ್ಧತಿಯೊಳಗೇ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಮ್ಮ ಮನೆಗಳ ಗೋಡೆಯ ಮೇಲಿನ ಚಿತ್ರ ಇದಕ್ಕೆ ಪೂರ್ತಿ ಉಲ್ಟಾ. ಕಲಬುರಗಿಯ ಎಸ್. ಎಂ. ಪಂಡಿತರು ಬರೆದ ದೇವರ ಕ್ಯಾಲೆಂಡರುಗಳು ಒಂದು ಕಾಲಕ್ಕೆ ಎಲ್ಲರ ಮನೆಯಲ್ಲಿ ಇದ್ದವು. ಶಿವನ ತೋಳು, ಕೃಷ್ಣನ ಗಲ್ಲ ಮುಟ್ಟಿದರೆ ಬಿಸಿ ಇರಬೇಕು ಹಂಗ ಬರೆಯುತ್ತಿದ್ದರು. ಪಂಡಿತರು ದೇವರನ್ನು ಮನುಷ್ಯನ ಹಂಗ ಮಾಡಿದರು. ಅದು ಸಣ್ಣ ಕೆಲಸ ಅಂತ ನಾನು ಹೇಳುವವನಲ್ಲ, ನಮ್ಮ ಅವ್ವ ಊದಿನಕಡ್ಡಿ ಹಚ್ಚಿದ್ದು ಆ ಚಿತ್ರಕ್ಕೇ. ಆದರೆ ಅದನ್ನೇ ಚಿತ್ರ ಅಂತ ತಿಳಿದು ಬೆಳೆದ ಕಣ್ಣಿಗೆ ಲಕ್ಷ್ಮಾ ಗೌಡ್ ಒಮ್ಮೆಗೇ ದಕ್ಕುವುದಿಲ್ಲ. ನಾಲ್ಕು ಸಲ ನೋಡಬೇಕು.

ಈಗ ಹಿರಿಯರ ತಕರಾರು. ಅವರಿಗೆ ನಾನು ಝರಾಸಂಗಮಕ್ಕೆ ಹೋಗುವ ದಾರಿಯಲ್ಲಿ ಹೇಳಿದೆ: "ಕಾಕಾ, ಹಳೆ ಗುಡಿ ಗ್ವಾಡಿ ಮ್ಯಾಲ ಏನೇನು ಕಡದಾರ, ನೀವು ನೋಡೀರಿ. ಅಲ್ಲಿ ಪೋರಿಗೋಳು ಬರಂಗಿಲ್ಲೇನು?" ಅವರು ನಕ್ಕರು. ಆದರೆ ಒಪ್ಪಲಿಲ್ಲ. "ಅದು ದೇವರ ಮನಿ, ಮಳಿ ಬಿಸಲಿಗಿ ಬಿದ್ದದ. ಇದು ಕಾಗದ, ಕಿಸೇದಾಗ ಹೋಗತದ" ಅಂದರು. ಈ ಉತ್ತರ ಮೂರ್ಖ ಉತ್ತರ ಅಲ್ಲ. ಫೋನಿನ ಕಾಲದಲ್ಲಿ ಹೆಣ್ಣಿನ ಚಿತ್ರ ಕಿಸೆಗೆ ಹೋದರೆ ಏನಾಗುತ್ತದೆ ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು.

ಅದಕ್ಕಿಂತ ಗಟ್ಟಿ ಪ್ರಶ್ನೆ ಕೇಳಿದವರು ನಮ್ಮ ಕನ್ನಡ ಶಾಲೆಯ ಟೀಚರೊಬ್ಬರು. ಕ್ಯಾಟಲಾಗನ್ನು ಅವರು ಮನೆಗೆ ಒಯ್ದು ಎರಡು ದಿನ ಇಟ್ಟುಕೊಂಡು ಮರಳಿ ತಂದರು. "ಸರ್, ಬತ್ತಲಿ ಇರೋದು ನನಗ ತಕರಾರಿಲ್ರಿ. ಆದ್ರ ಈ ಹೆಂಗಸರು ಕೆಲಸ ಮಾಡಂಗಿಲ್ಲ ನೋಡ್ರಿ. ನೀರ ತರಂಗಿಲ್ಲ, ಕಳೆ ತಗಿಯಂಗಿಲ್ಲ, ರೊಟ್ಟಿ ಬಡಿಯಂಗಿಲ್ಲ. ಗಂಡಸು ನೋಡಿದಷ್ಟೇ ಹೆಂಗಸು" ಅಂದರು. ನಾನು ಮರುದಿನ ಆ ಮಾತನ್ನು ಮುಂದಿಟ್ಟುಕೊಂಡು ಪುಟ ತಿರುವಿದೆ. ಮೊದಲಿನ ಬೂದು ಚಿತ್ರಗಳ ಮಟ್ಟಿಗೆ ನನ್ನ ಅಭಿಪ್ರಾಯ ಬೇರೆ ಇದೆ. ಅಲ್ಲಿ ಗಂಡಸೂ ಕೆಲಸ ಮಾಡುವುದಿಲ್ಲ, ಅವನೂ ಬರೀ ಮೈ. ಅಲ್ಲಿಯ ಹೆಣ್ಣು ಸುಮ್ಮನೆ ಬಿದ್ದುಕೊಂಡವಳಲ್ಲ, ಆಕೆಯ ಆಸೆಯೂ ಗಂಡಸಿನ ಆಸೆಯಷ್ಟೇ ದೊಡ್ಡದಾಗಿ ಕಾಣುತ್ತದೆ, ಕೆಲವು ಕಡೆ ಗಂಡಸು ಅವಳ ಮುಂದೆ ಹೆದರಿದ ಹೋತದ ಹಂಗ ನಿಂತಿದ್ದಾನೆ. ಆದರೆ ಟೀಚರ್ ಹೇಳಿದ್ದು ಆಮೇಲಿನ ಚಿತ್ರಗಳಿಗೆ ನೆಟ್ಟಗೆ ತಾಗುತ್ತದೆ.

ಆಮೇಲೆ ಏನಾಯಿತು? ವರ್ಷಗಳು ಹೋದಂತೆ ಬೂದಿ ಆರಿತು, ಬಣ್ಣ ಬಂತು. ಮೈಗೆ ಬಟ್ಟೆ ಬಂತು. ನೀರುಬಣ್ಣ, ಗ್ವಾಷ್, ಬಣ್ಣ ಹಚ್ಚಿದ ಎಚ್ಚಿಂಗ್. ಕೆಂಪು ಸೀರೆ, ಹಸಿರು ಕುಬಸ, ಮೂಗಿನಲ್ಲಿ ನತ್ತು, ಹಣೆಗೆ ಕಾಸಗಲ ಕುಂಕುಮ, ದೊಡ್ಡ ಕಣ್ಣು. ಪಕ್ಕದಲ್ಲಿ ರುಮಾಲಿನ ಗಂಡಸು, ಗಲ್ಲದ ಮೇಲೆ ನರೆತ ಕುರುಚಲು ಗಡ್ಡ. ನಡುವೆ ಆಡು, ಆಡು ಮಾತ್ರ ಬಿಡಲಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಶಾಲೆಯಲ್ಲಿ ಅವರು ಕಲಿಸಿದರು, ಡೀನ್ ಆಗಿ 2001ರಲ್ಲಿ ನಿವೃತ್ತರಾದರು. ದೇಶದ ದೊಡ್ಡ ಸಂಗ್ರಹಾಲಯಗಳಿಗೆ ಚಿತ್ರ ಹೋದವು, ಹೊರದೇಶಕ್ಕೂ ಹೋದವು. ಈ ಬಣ್ಣದ ಚಿತ್ರಗಳೇ ಜನ ಹೆಚ್ಚು ಗುರುತಿಸುವ ಚಿತ್ರಗಳು. ತೆಲಂಗಾಣದ ಹಳ್ಳಿಯ ಮುಖ ಅಂದ್ರ ಪಟ್ಟಣದ ಮನೆಗಳಲ್ಲಿ ಇಂಥವೇ ಗೋಡೆಗೆ ಬಂದವು. ಕರೀಂನಗರ ಕಡೆಯ ಬೂರುಗುಪಲ್ಲಿಯ ಟಿ. ವೈಕುಂಠಂ ಅವರ ಹೆಂಗಸರನ್ನೂ ಇದರ ಜೊತೆ ನೆನೆಯಬೇಕು.

ಇವು ಕೆಟ್ಟ ಚಿತ್ರಗಳಲ್ಲ. ಗೆರೆ ಮೊದಲಿನಷ್ಟೇ ಹಿಡಿತದ್ದು. ಕುರಿ ಕಾಯುವವನ ಮುಖದ ಸುಕ್ಕನ್ನು ಇಷ್ಟು ಪ್ರೀತಿಯಿಂದ ಎಳೆದವರು ಕಡಿಮೆ. ಆದರೆ ಇವುಗಳ ಎದುರು ನಿಂತಾಗ ನನಗೆ ಏನೋ ಕಳೆದುಹೋದಂತೆ ಅನಿಸುತ್ತದೆ. ಮೊದಲಿನ ಚಿತ್ರದಲ್ಲಿ ಊರು ನಮ್ಮನ್ನು ನೋಡುತ್ತಿತ್ತು. ಇಲ್ಲಿ ಊರು ಫೋಟೋಕ್ಕೆ ಕೂತಿದೆ. ಜಾತ್ರೆಯಲ್ಲಿ ಪರದೆ ಮುಂದೆ ಗಂಡಹೆಂಡತಿ ಕುರ್ಚಿ ಹಾಕಿಕೊಂಡು ಕೂತು ಫೋಟೋ ತೆಗೆಸಿಕೊಂಡಂತೆ. ಚಂದ ಇದೆ, ಹೊಸ ಸೀರೆ ಇದೆ, ಆದರೆ ನಿನ್ನೆ ರಾತ್ರಿಯ ಜಗಳ ಇಲ್ಲ, ಸಾಲ ಇಲ್ಲ, ಆಸೆಯೂ ಇಲ್ಲ. ಟೀಚರ್ ಕೇಳಿದ ಪ್ರಶ್ನೆ ಇಲ್ಲಿ ಮತ್ತೆ ಏಳುತ್ತದೆ. ಜಹೀರಾಬಾದ್ ಕಡೆ ಕಬ್ಬು ಕಡಿಯುವ, ಶುಂಠಿ ಅಗೆಯುವ, ನವಣೆ ಸಾವೆಯ ಬೀಜ ಗಡಿಗೆಯಲ್ಲಿ ಬೂದಿ ಹಾಕಿ ಕಾಯುವ ಹೆಣ್ಣುಮಕ್ಕಳ ಕೈ ಈ ಚಿತ್ರಗಳಲ್ಲಿ ಎಲ್ಲಿ? ಕೈಯಲ್ಲಿ ಬಳೆ ಇದೆ, ಗಡಸು ಇಲ್ಲ.

ಒಬ್ಬ ಮನುಷ್ಯ ಇಪ್ಪತ್ತೆಂಟು ಮೂವತ್ತರ ವಯಸ್ಸಿನ ಬೆಂಕಿಯನ್ನೇ ಎಪ್ಪತ್ತರಲ್ಲಿಯೂ ಹಚ್ಚಬೇಕು ಅಂತ ಕೇಳುವುದು ಸರಿಯೇ ಅಂತ ನಮ್ಮ ತಾಂಡೂರಿನ ಸ್ನೇಹಿತರೊಬ್ಬರು ನನ್ನನ್ನು ಕೇಳಿದರು. ಅವರು ಪರಸಿ ಕಲ್ಲಿನ ಪಾಲಿಷ್ ಯೂನಿಟ್ ಇಟ್ಟವರು, ಚಿತ್ರ ಬರೆಯುವವರಲ್ಲ. "ಖಣಿದಾಗ ಮ್ಯಾಲಿನ ಪದರು ಬ್ಯಾರೆ, ತಳದ ಪದರು ಬ್ಯಾರೆ ಇರತದ. ಕಲ್ಲು ಒಂದೇ" ಅಂದರು. ಮಾತು ಚಂದ ಇದೆ. ಆದರೆ ಖಣಿಯಲ್ಲಿ ಆಳಕ್ಕೆ ಇಳಿದಷ್ಟು ಕಲ್ಲು ಗಟ್ಟಿ ಬರುತ್ತದೆ ಅಂತಲೂ ಅವರೇ ಹಿಂದೆ ಹೇಳಿದ್ದರು. ಇಲ್ಲಿ ಮೊದಲು ಆಳ, ಆಮೇಲೆ ಮೇಲ್ಪದರು. ನಾನು ನನ್ನ ಮಾತು ಹಿಂತೆಗೆದುಕೊಳ್ಳಲಿಲ್ಲ. ಚಹಾದ ದುಡ್ಡು ಅವರೇ ಕೊಟ್ಟರು.

ಹಂಗಂತ ಬದಲಾವಣೆಯೆಲ್ಲ ಇಳಿಜಾರು ಅಂತ ಬರೆದರೆ ಅನ್ಯಾಯವಾದೀತು. ಅವರು ಗಾಜಿನ ಹಿಂಬದಿಗೆ ಬರೆದ ಚಿತ್ರಗಳಿವೆ. ಇದೂ ಎಚ್ಚಿಂಗಿನ ಹಂಗ ಉಲ್ಟಾ ಕೆಲಸ: ಮೊದಲು ಕಣ್ಣಿನ ಗುಡ್ಡೆ, ಆಮೇಲೆ ಕಣ್ಣು, ಆಮೇಲೆ ಮುಖ, ಎಲ್ಲಕ್ಕೂ ಕೊನೆಗೆ ಹಿನ್ನೆಲೆ. ಬೇರೆಯವರು ಕಡೆಗೆ ಇಡುವ ಚುಕ್ಕೆಯನ್ನು ಇಲ್ಲಿ ಮೊದಲು ಇಡಬೇಕು. ಗುರು ಸುಬ್ರಮಣ್ಯನ್ ಅವರೂ ಗಾಜಿನ ಮೇಲೆ ಬರೆದವರು, ಮಣ್ಣಿನಲ್ಲಿ ಕೆಲಸ ಮಾಡಿದವರು. ಶಿಷ್ಯ ಆ ದಾರಿ ಹಿಡಿದದ್ದರಲ್ಲಿ ಆಶ್ಚರ್ಯ ಇಲ್ಲ. ಕಂಚಿನಲ್ಲಿಯೂ, ಸುಟ್ಟ ಮಣ್ಣಿನಲ್ಲಿಯೂ ತಲೆಗಳನ್ನು, ಆಡುಗಳನ್ನು ಮಾಡಿದ್ದಾರೆ. ಹೈದರಾಬಾದಿನ ಒಂದು ಗ್ಯಾಲರಿಯಲ್ಲಿ ನಾನು ಸುಟ್ಟ ಮಣ್ಣಿನ ತಲೆಗಳನ್ನು ನೋಡಿದೆ. ಬಣ್ಣದ ಚಿತ್ರದಲ್ಲಿ ಕಳೆದುಹೋಗಿತ್ತು ಅಂತ ನಾನು ಹೇಳಿದ್ದು ಅಲ್ಲಿ ಮಣ್ಣಿನಲ್ಲಿ ತಿರುಗಿ ಬಂದಿದೆ. ಗೆರೆ ಎಳೆಯಲಿಕ್ಕೆ ಸೂಜಿ ಇಲ್ಲ, ಬೆರಳು ಇದೆ. ಬೆರಳಿನ ಗುರುತು ಗಲ್ಲದ ಮೇಲೆ ಹಂಗೇ ಉಳಿದಿದೆ. ತುಟಿ ಅರ್ಧ ತೆರೆದಿದೆ, ಏನೋ ಹೇಳಲಿಕ್ಕೆ ಹೊರಟು ನಿಂತ ಹಂಗ. ಚಂದ ಮಾಡಬೇಕು ಅನ್ನುವ ಒತ್ತಾಯ ಅವುಗಳ ಮೇಲೆ ಇಲ್ಲ. ಒಂದು ತಲೆ ನಮ್ಮೂರ ಹೊಲದ ಬದುವಿನ ಮೇಲೆ ಇಟ್ಟರೆ ಅದನ್ನು ಯಾರೂ ಕಲಾಕೃತಿ ಅನ್ನುವುದಿಲ್ಲ, ಎರಡು ದಿನಕ್ಕೆ ಯಾರಾದರೂ ಅದಕ್ಕೆ ಕುಂಕುಮ ಹಚ್ಚಿರುತ್ತಾರೆ. ಅವರ ಬೂದು ಎಚ್ಚಿಂಗ್‌ಗಳ ನಂತರ ನನ್ನ ಆಯ್ಕೆ ಇವೇ.

ಶಿಕ್ಷಕ ಬಂಧುಗಳಿಗೆ ಒಂದು ಮಾತು, ಈ ಪುಸ್ತಕವನ್ನು ಹೆಚ್ಚಾಗಿ ಓದುವವರು ನೀವೇ ಆದ್ದರಿಂದ. ನಮ್ಮ ಶಾಲೆಗಳಲ್ಲಿ ಚಿತ್ರದ ಪಿರಿಯಡ್ ಅಂದ್ರ ಗಣಿತದವರು ಕೇಳಿ ಪಡೆಯುವ ಪಿರಿಯಡ್. ಇದ್ದರೂ ಮಾವಿನ ಹಣ್ಣು, ಧ್ವಜ, ಎರಡು ಗುಡ್ಡದ ನಡುವೆ ಸೂರ್ಯ. ಎರಡು ವರ್ಷದ ಹಿಂದೆ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಎಮ್ಮೆ ಬರೆದು ಅದರ ಹೊಟ್ಟೆಯೊಳಗೆ ಮನೆ ಬರೆದಿದ್ದಳು, ಮನೆಯೊಳಗೆ ಅವ್ವ. ಕೆಂಪು ಶಾಯಿಯಿಂದ ಅದಕ್ಕೆ ಕಾಟು ಬಿದ್ದಿತ್ತು. ಯಾರು ಹಾಕಿದರು ಅನ್ನುವುದು ಬೇಡ. ಹುಡುಗಿಯನ್ನು ಕೇಳಿದೆ, "ಇದೇನವ್ವಾ?" ಆಕೆ ಹೇಳಿದಳು: "ಎಮ್ಮಿ ಹಾಲಿಂದ ಮನಿ ನಡೀತದಲ್ರಿ ಸರ್." ಅದಕ್ಕೆ ಪ್ಯಾರಿಸ್ಸಿನ ಹೆಸರು ಬೇಕಿಲ್ಲ. ಆಕೆ ಲೆಕ್ಕ ಸರಿಯಾಗಿಯೇ ಮಾಡಿದ್ದಳು. ಲಕ್ಷ್ಮಾ ಗೌಡ್ ಅವರ ಆಡು ಮತ್ತು ಮನುಷ್ಯ ಒಂದಾಗುವ ಚಿತ್ರಗಳಲ್ಲಿ ಬಟ್ಟೆ ಇರುವಂಥವನ್ನೇ ಆರಿಸಿ ನಾನು ಆ ಕ್ಲಾಸಿಗೆ ತೋರಿಸಿದೆ. ಮಕ್ಕಳು ನಗಲಿಲ್ಲ, ಹೆದರಲಿಲ್ಲ. "ಈ ಮ್ಯಾಕಿ ಯಾರದು ಸರ್?" ಅಂತ ಕೇಳಿದರು. ಯಾರದೋ ಇರಲೇಬೇಕು ಅನ್ನುವ ಹಂಗ ಕೇಳಿದರು.

ಕ್ಯಾಟಲಾಗಿನ ಬಗ್ಗೆ ಆದ ತೀರ್ಮಾನ ಹೇಳಿ ಮುಗಿಸುತ್ತೇನೆ. ಸಭೆಯಲ್ಲಿ ಏಳು ಜನ ಇದ್ದೆವು. ಮೇಜಿನ ಮೇಲೆ ಬೇಡ ಅಂತ ನಾಲ್ವರು, ಇರಲಿ ಅಂತ ಮೂವರು. ತೆಗೆದುಹಾಕಬೇಕು ಅಂತ ಯಾರೂ ಅನ್ನಲಿಲ್ಲ, ಮೊದಲು ತಕರಾರು ತಂದ ಕಾಕಾ ಸಹ ಅನ್ನಲಿಲ್ಲ. ಈಗ ಅದು ಕನ್ನಡ ಕಾದಂಬರಿಗಳ ಕಪಾಟಿನಲ್ಲಿ, ಮೇಲಿನ ಅರೆಯಲ್ಲಿದೆ. ಕೀಲಿ ಟೀಚರ್ ಹತ್ತಿರ ಇದೆ. ದೊಡ್ಡವರು ಯಾರು ಕೇಳಿದರೂ ಕೊಡುತ್ತಾರೆ, ಕೈ ತೊಳೆದುಕೊಂಡು ಬರಬೇಕು ಅಷ್ಟೆ. ಬೂದು ಚಿತ್ರಗಳು ಮೊದಲ ಅರ್ಧದಲ್ಲಿವೆ. ಅವನ್ನು ಬಾಗಿಲ ಹತ್ತಿರ, ಹಗಲು ಬೆಳಕಿನಲ್ಲಿ ನೋಡಿರಿ, ಟ್ಯೂಬ್‌ಲೈಟಿನಲ್ಲಿ ಆ ಮಂಜು ಕಾಣುವುದಿಲ್ಲ.